ದಂಡ ತೆತ್ತ ಮೇಲೆ ಉಳಿಯುವ ಋಣ

ಒಬ್ಬ ಮನುಷ್ಯ ಇನ್ನೊಬ್ಬನಿಗೆ ಮಾಡಿದ ಕೆಡುಕನ್ನು ಕಾನೂನು ಎರಡು ಬಗೆಯಾಗಿ ನೋಡುತ್ತದೆ. ಕೊಟ್ಟ ಸಾಲ ಮರಳದಿದ್ದರೆ, ಹೊಲದ ಬದು ಒತ್ತಿದರೆ, ಅಣ್ಣತಮ್ಮಂದಿರ ನಡುವೆ ಪಾಲು ಹರಿಯದಿದ್ದರೆ ಅದು ದಿವಾಣಿ. ಕಳವು, ಹೊಡೆದಾಟ, ಕೊಲೆ ನಡೆದರೆ ಅದು ಫೌಜದಾರಿ. ಕೊಲ್ಲಾಪುರದಿಂದ ಗಡಹಿಂಗ್ಲಜದವರೆಗಿನ ಕೋರ್ಟುಗಳ ಅಂಗಳದಲ್ಲಿ ಮರಾಠಿಯವರೂ ಕನ್ನಡದವರೂ ಈ ಎರಡು ಹೆಸರುಗಳನ್ನೇ ಬಳಸುತ್ತಾರೆ. ದಿವಾಣಿಯಲ್ಲಿ ದಾವೆ ಹೂಡುವವನು ನೊಂದವನೇ, ಅವನು ಬೇಡವೆಂದರೆ ದಾವೆ ಅಲ್ಲಿಗೇ ನಿಲ್ಲುತ್ತದೆ, ಯಾರ ಮಾತು ಹೆಚ್ಚು ಸಂಭವನೀಯವೆಂದು ತೋರುತ್ತದೆಯೋ ಅವರ ಕಡೆಗೆ ತೀರ್ಪಾಗುತ್ತದೆ. ಫೌಜದಾರಿಯಲ್ಲಿ ನೊಂದವನ ಜಾಗದಲ್ಲಿ ಸರಕಾರ ನಿಲ್ಲುತ್ತದೆ, ಆರೋಪ ಸಂಶಯಕ್ಕೆ ಎಡೆಯಿಲ್ಲದಂತೆ ಸಿದ್ಧವಾಗಬೇಕಾಗುತ್ತದೆ, ಸಿದ್ಧವಾದರೆ ಸೋತವನ ಹೆಸರಿಗೆ ಅಪರಾಧಿ ಎಂಬ ವಿಶೇಷಣ ಅಂಟಿಕೊಳ್ಳುತ್ತದೆ. ಮೇಲುನೋಟಕ್ಕೆ ದೊಡ್ಡ ಕೆಡುಕು ಫೌಜದಾರಿ, ಸಣ್ಣದು ದಿವಾಣಿ ಎಂದು ತೋರಬಹುದಾದರೂ ವಸ್ತುಸ್ಥಿತಿ ಹಾಗಿಲ್ಲ. ಸಂತೆಯಲ್ಲಿ ಹತ್ತು ರೂಪಾಯಿ ಕಿಸೆಗಳ್ಳತನ ಮಾಡಿದವನು ಅಪರಾಧಿಯಾಗುತ್ತಾನೆ, ಹತ್ತು ಲಕ್ಷದ ಸಾಲ ತೀರಿಸಲಾಗದೆ ಒಂದು ಮನೆತನವನ್ನೇ ಬೀದಿಗೆ ತಂದವನು ಬರೀ ಪ್ರತಿವಾದಿಯಾಗಿ ಉಳಿಯುತ್ತಾನೆ. ಹಾಗಾದರೆ ಈ ಎರಡನ್ನು ಬೇರ್ಪಡಿಸುವ ತತ್ತ್ವ ಯಾವುದು, ಮತ್ತು ಕೋರ್ಟು ವಿಧಿಸಿದ್ದನ್ನು ತೆತ್ತವನು ಧರ್ಮದ ದೃಷ್ಟಿಯಲ್ಲಿಯೂ ಋಣಮುಕ್ತನಾಗುತ್ತಾನೆಯೇ ಎಂಬುದು ವಕೀಲರಿಗಿಂತ ಹೆಚ್ಚಾಗಿ ಧರ್ಮಶಾಸ್ತ್ರಕಾರರನ್ನು ಕಾಡಿದ ಪ್ರಶ್ನೆ.

ಇದಕ್ಕೆ ಕನ್ನಡ ನೆಲದಲ್ಲಿಯೇ ಹುಟ್ಟಿದ ಒಂದು ಉತ್ತರವಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದನು. ಕೊಲ್ಲಾಪುರದ ಸೀಮೆಯನ್ನು ಆಳುತ್ತಿದ್ದ ಶಿಲಾಹಾರರು ಆ ಕಲ್ಯಾಣಕ್ಕೆ ಸಾಮಂತರಾಗಿದ್ದುದರಿಂದ, ಈ ನೆಲದ ಮಟ್ಟಿಗೆ ಅದು ಹೊರಗಿನಿಂದ ಬಂದ ಗ್ರಂಥವಲ್ಲ. 1810ರಲ್ಲಿ ಕೋಲ್‌ಬ್ರೂಕ್ ಅದರ ದಾಯವಿಭಾಗವನ್ನು, ಅಂದರೆ ಆಸ್ತಿ ಪಾಲಿನ ಪ್ರಕರಣವನ್ನು ಮಾತ್ರ ಇಂಗ್ಲಿಷಿಗೆ ತಂದ ಮೇಲೆ ಮಿತಾಕ್ಷರಾ ಎಂದರೆ ಅವಿಭಕ್ತ ಕುಟುಂಬದ ಆಸ್ತಿಯ ಕಾನೂನು ಎಂಬಷ್ಟಕ್ಕೆ ಅದರ ಕೀರ್ತಿ ಸಂಕೋಚಗೊಂಡದ್ದು ಗ್ರಂಥಕ್ಕೆ ಆದ ಅನ್ಯಾಯವೇ ಸರಿ. ಮೂಲದಲ್ಲಿ ಅದು ಮೂರು ಅಧ್ಯಾಯಗಳ ಗ್ರಂಥ: ಮನುಷ್ಯ ದಿನನಿತ್ಯ ಹೇಗೆ ನಡೆಯಬೇಕೆಂಬ ಆಚಾರ, ನಡೆ ತಪ್ಪಿ ಇನ್ನೊಬ್ಬರಿಗೆ ಪೀಡೆಯಾದಾಗ ರಾಜಸಭೆಯಲ್ಲಿ ಆಗಬೇಕಾದ ನಿರ್ಣಯವನ್ನು ಹೇಳುವ ವ್ಯವಹಾರ, ಮತ್ತು ತಪ್ಪಿದವನು ತನ್ನ ಒಳಗೆ ಉಳಿದ ಪಾಪವನ್ನು ತೊಳೆದುಕೊಳ್ಳುವ ಪ್ರಾಯಶ್ಚಿತ್ತ. ಕಳವಿನಂಥ ಒಂದೇ ಕೃತ್ಯ ಎರಡನೆಯ ಅಧ್ಯಾಯದಲ್ಲಿಯೂ ಬರುತ್ತದೆ, ಮೂರನೆಯದರಲ್ಲಿಯೂ ಬರುತ್ತದೆ. ಒಂದು ಕಡೆ ಲೆಕ್ಕ ಚುಕ್ತಾ ಆಯಿತೆಂದರೆ ಇನ್ನೊಂದು ಕಡೆಯದು ತಾನಾಗಿ ಚುಕ್ತಾ ಆಗುವುದಿಲ್ಲವೆಂಬುದು ಆ ರಚನೆಯಲ್ಲಿಯೇ ಅಡಗಿರುವ ನಿಲುವು.

ವ್ಯವಹಾರವೆಂದರೇನೆಂಬುದನ್ನು ಯಾಜ್ಞವಲ್ಕ್ಯ ಬಿಗಿಯಾಗಿ ಹೇಳುತ್ತಾನೆ: ಸ್ಮೃತಿ ಮತ್ತು ಆಚಾರಗಳಿಗೆ ವಿರುದ್ಧವಾದ ರೀತಿಯಲ್ಲಿ ಪರರಿಂದ ಪೀಡಿತನಾದವನು ಅದನ್ನು ರಾಜನಿಗೆ ಅರಿಕೆ ಮಾಡಿಕೊಂಡರೆ ಅದು ವ್ಯವಹಾರಪದ, ಅಂದರೆ ವಿಚಾರಣೆಗೆ ತಕ್ಕ ವಿವಾದ. ಅರಿಕೆ ಮಾಡಿಕೊಂಡರೆ ಎಂಬ ಷರತ್ತಿನ ಮೇಲೆ ವಿಜ್ಞಾನೇಶ್ವರ ಭಾರ ಹಾಕುತ್ತಾನೆ. ರಾಜನಾಗಲಿ ಅವನ ಅಧಿಕಾರಿಯಾಗಲಿ ತಾವಾಗಿ ವಿವಾದ ಎಬ್ಬಿಸಬಾರದೆಂಬ ಮನುವಿನ ಮಾತೂ ಇದಕ್ಕೆ ಬೆಂಬಲವಾಗುತ್ತದೆ. ಕೆಡುಕಿನ ಮೇಲೆ ಮೊದಲ ಹಕ್ಕು ಅದನ್ನು ಉಂಡವನದು ಎಂಬ ಭಾವನೆ ಇಲ್ಲಿದೆ, ದಿವಾಣಿಯ ಬೇರೂ ಇದೇ. ಆದರೆ ಯಾರೂ ಬಂದು ದೂರು ಹೇಳದಿದ್ದರೂ ರಾಜನು ತಾನೇ ಕೈಗೆತ್ತಿಕೊಳ್ಳಬಹುದಾದ ಹತ್ತು ಅಪರಾಧಗಳನ್ನು ನಾರದನ ಹೆಸರಿನಲ್ಲಿ ನಿಬಂಧಕಾರರು ಎಣಿಸುತ್ತಾರೆ. ಸ್ತ್ರೀಹತ್ಯೆ, ಕಳವು, ಹೊಡೆತ, ಗರ್ಭಪಾತಗಳ ಆ ಪಟ್ಟಿಯ ತಲೆಯಲ್ಲಿ ಇರುವುದು ಮಾತ್ರ ಆಜ್ಞಾಲಂಘನ, ಎಂದರೆ ರಾಜಾಜ್ಞೆಯನ್ನು ಮೀರುವುದು. ಈ ಸಂಗತಿಗೆ ಮುಂದೆ ಮರಳಬೇಕಾಗುತ್ತದೆ. ಹದಿನೆಂಟು ವ್ಯವಹಾರಪದಗಳಲ್ಲಿ ಹದಿನಾಲ್ಕು ಧನದಿಂದ ಹುಟ್ಟಿದವು, ನಾಲ್ಕು ಹಿಂಸೆಯಿಂದ ಹುಟ್ಟಿದವು ಎಂಬ ಬೃಹಸ್ಪತಿಯ ವಿಂಗಡಣೆಯನ್ನು ಆಧುನಿಕ ವಿದ್ವಾಂಸರು ದಿವಾಣಿ–ಫೌಜದಾರಿಗಳ ಪೂರ್ವರೂಪವೆಂದು ಹೊಗಳುವುದುಂಟು. ಅದು ಅರ್ಧ ಮಾತ್ರ ನಿಜ. ಹುಟ್ಟುವ ಜಾಗ ಬೇರೆ ಎಂದಮಾತ್ರಕ್ಕೆ ಮುಟ್ಟುವ ಜಾಗವೂ ಬೇರೆಯೆಂದು ಬೃಹಸ್ಪತಿ ಹೇಳಿಲ್ಲ.

ಸಾಲದ ಪ್ರಕರಣದಲ್ಲಿ ಇದು ಸ್ಪಷ್ಟವಾಗುತ್ತದೆ. ಸಾಲಗಾರ ಸಾಲವನ್ನು ಒಪ್ಪಿಕೊಂಡಿದ್ದು, ಕೊಡಲಾರದೆ ಹೋಗಿ, ಕೊನೆಗೆ ರಾಜನ ಮೂಲಕ ವಸೂಲಿಯಾದರೆ ಅವನು ರಾಜನಿಗೆ ನೂರಕ್ಕೆ ಹತ್ತು ತೆರಬೇಕು. ಹಣ ಕೈಸೇರಿದ ಸಾಹುಕಾರನೂ ನೂರಕ್ಕೆ ಐದು ಕೊಡಬೇಕು, ಅದು ವಸೂಲಿಯ ಶುಲ್ಕ. ಅದೇ ಸಾಲಗಾರ ಸಾಲವನ್ನೇ ಪಡೆದಿಲ್ಲವೆಂದು ಅಲ್ಲಗಳೆದು, ಸಾಹುಕಾರ ಅದನ್ನು ರುಜುವಾತು ಮಾಡಿದರೆ ಆಗ ಸಾಲದ ಹಣ ಸಾಹುಕಾರನಿಗೆ, ಅಷ್ಟೇ ಮೊತ್ತ ದಂಡವಾಗಿ ರಾಜನಿಗೆ. ಸಾಹುಕಾರನಿಗೆ ಆದ ನಷ್ಟ ಎರಡು ಸಂದರ್ಭದಲ್ಲಿಯೂ ಒಂದೇ. ಬದಲಾದದ್ದು ಸಾಲಗಾರ ಹೇಳಿದ ಸುಳ್ಳು. ಕೊಡುಕೊಳ್ಳುವಿಕೆಯೆಲ್ಲ ನಿಂತಿರುವುದು ನಂಬಿಕೆಯ ಮೇಲಾದ್ದರಿಂದ, ಆ ನಂಬಿಕೆಯನ್ನು ತಿಳಿದೂ ತಿಳಿದೂ ಮುರಿದವನು ಸಾಹುಕಾರನೊಬ್ಬನಿಗೇ ಅಲ್ಲ, ಎಲ್ಲರಿಗೂ ಬಾಕಿಯಾಗುತ್ತಾನೆ. ಇಂದಿನ ಭಾಷೆಯಲ್ಲಿ ದುರುದ್ದೇಶ, ಎಂದರೆ ಅಪರಾಧೀ ಮನಸ್ಸು ಎನ್ನುವುದನ್ನು ಸ್ಮೃತಿಕಾರ ಮೊತ್ತದ ವ್ಯತ್ಯಾಸದಲ್ಲಿಯೇ ಕಾಣಿಸಿಬಿಟ್ಟಿದ್ದಾನೆ. ಕಳವಿನಲ್ಲಿಯಾದರೋ ಕಳ್ಳನಿಂದ ಮಾಲನ್ನು ಮೊದಲು ಒಡೆಯನಿಗೆ ಕೊಡಿಸಿ ಆಮೇಲೆ ಅವನನ್ನು ಶಿಕ್ಷಿಸಬೇಕು; ಮಾಲು ಸಿಗದೆ ಹೋದರೆ ಕಾಯಬೇಕಾದವನು ಕಾಯಲಿಲ್ಲವಾದ್ದರಿಂದ ರಾಜನೇ ಅದನ್ನು ಪ್ರಜೆಗೆ ತುಂಬಿಕೊಡಬೇಕು. ಒಂದೇ ವಿಚಾರಣೆಯಲ್ಲಿ ದಿವಾಣಿಯೂ ಫೌಜದಾರಿಯೂ ಹೀಗೆ ಕೂಡಿ ಮುಗಿಯುತ್ತಿದ್ದವು. ಇವನ್ನು ಕಡಿದು ಬೇರೆ ಮಾಡಿದ ಆಧುನಿಕ ಕಾನೂನಿನಲ್ಲಿ ಹೊಡೆತ ತಿಂದವನು ತನ್ನದೇ ಮೊಕದ್ದಮೆಯಲ್ಲಿ ಬರೀ ಸಾಕ್ಷಿದಾರನಾಗಿ ನಿಲ್ಲುವಂತಾಯಿತು; ನೊಂದವರಿಗೆ ಸರಕಾರವೇ ಪರಿಹಾರ ಕೊಡುವ ಯೋಜನೆ ದಂಡ ಪ್ರಕ್ರಿಯಾ ಸಂಹಿತೆಗೆ ಸೇರಿ ಜಾರಿಗೆ ಬಂದದ್ದು 2009ರ ಕೊನೆಗೆ.

ಸ್ಮೃತಿಗಳನ್ನು ಹೀಗೆ ಮೆಚ್ಚುವಾಗ ಅವುಗಳ ದೊಡ್ಡ ದೋಷವನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಅಲ್ಲಿ ದಂಡ ಕೃತ್ಯವನ್ನಷ್ಟೇ ನೋಡುವುದಿಲ್ಲ, ಮಾಡಿದವನ ವರ್ಣವನ್ನೂ ನೊಂದವನ ವರ್ಣವನ್ನೂ ನೋಡುತ್ತದೆ; ಒಂದೇ ಬೈಗುಳಕ್ಕೆ ಒಬ್ಬನಿಗೆ ಹಣದ ದಂಡ, ಇನ್ನೊಬ್ಬನಿಗೆ ಅಂಗಚ್ಛೇದ. ಹುಟ್ಟನ್ನೇ ದೋಷವೆಂದು ಎಣಿಸಿದ ಈ ಬುದ್ಧಿ ಸ್ಮೃತಿಗಳ ಕಾಲಕ್ಕೆ ಮುಗಿಯಲಿಲ್ಲ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಲ್ಲಿ ಬ್ರಿಟಿಷ್ ಸರಕಾರ ಕೆಲವು ಜನಾಂಗಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಘೋಷಿಸಿತು. ಹಾಗೆ ಶಂಕೆಗೊಳಗಾದ ಜಾತಿಗಳವರು ಪೊಲೀಸರ ಮುಂದೆ ಹಾಜರಿ ಕೊಡಬೇಕಾಗಿದ್ದ ಪದ್ಧತಿಯನ್ನು ಕೊಲ್ಲಾಪುರ ಸಂಸ್ಥಾನದಲ್ಲಿ ರಾಜರ್ಷಿ ಶಾಹು ಮಹಾರಾಜರು 1918ರಲ್ಲಿ ತೆಗೆದುಹಾಕಿದರು. ಕೃತ್ಯವಿಲ್ಲದೆ ಅಪರಾಧವಿಲ್ಲವೆಂಬ ತತ್ತ್ವಕ್ಕೆ ಈ ಸೀಮೆಯಲ್ಲಿ ಸಿಕ್ಕ ದೊಡ್ಡ ಮನ್ನಣೆಗಳಲ್ಲಿ ಅದೊಂದು.

ಶಾಹು ಮಹಾರಾಜರ ಕಾನೂನುಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. 1917ರ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನಿನಂತೆ ಮಗುವನ್ನು ಶಾಲೆಗೆ ಕಳಿಸದ ತಂದೆತಾಯಿಗೆ ತಿಂಗಳಿಗೆ ಒಂದು ರೂಪಾಯಿ ದಂಡ. 1919ರ ಇನ್ನೊಂದು ಕಾನೂನು ಮನೆಯೊಳಗಿನ ಹೆಂಗಸಿಗೆ ಕೊಡುವ ಕಿರುಕುಳವನ್ನು ಶಿಕ್ಷಾರ್ಹ ಅಪರಾಧವೆಂದಿತು. ಮೊದಲನೆಯದರಲ್ಲಿ ತಂದೆ ದುಷ್ಟನೆಂಬ ಆರೋಪವಿಲ್ಲ, ಬಹುಶಃ ಮಗುವಿನ ಕೂಲಿಯಿಲ್ಲದೆ ಒಲೆ ಉರಿಯದ ಬಡವನೇ ಅವನು; ದಂಡ ಅಲ್ಲಿ ಅವನನ್ನು ಹಳಿಯುವುದಕ್ಕಲ್ಲ, ದಾರಿಗೆ ತರುವುದಕ್ಕೆ. ಎರಡನೆಯದರಲ್ಲಿ, ಮನೆಯ ಮಾತು ಮನೆಯಲ್ಲೇ ಇರಲಿ ಎಂದು ಜಗತ್ತು ಖಾಸಗಿಯಾಗಿ ಬಿಟ್ಟಿದ್ದ ಕ್ರೌರ್ಯವನ್ನು ಸಂಸ್ಥಾನ ತನ್ನ ವಿರುದ್ಧವೇ ನಡೆದ ಕೆಡುಕೆಂದು ಎತ್ತಿಕೊಂಡಿತು. ಯಾವುದನ್ನು ದಂಡದಲ್ಲಿ ಮುಗಿಸಬೇಕು, ಯಾವುದನ್ನು ಅಪರಾಧವೆಂದು ಕೂಗಿ ಹೇಳಬೇಕು ಎಂಬ ವಿವೇಕ ಆಳುವವನಿಗೆ ಬೇಕಾಗುವುದು ಇಂಥ ಕಡೆಯಲ್ಲಿ.

ಆರೋಪದ ಸೋಂಕಿಲ್ಲದ ಇಂಥ ಸಣ್ಣ ಉಲ್ಲಂಘನೆಗಳು ಆಧುನಿಕ ರಾಜ್ಯದ ಆವಿಷ್ಕಾರವೆಂದು ತಿಳಿಯುವ ಕಾರಣವಿಲ್ಲ. ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಪತ್ತೆಹಚ್ಚಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವ್ಯಕ್ತಿಗಳ ನಡುವಣ ವಿವಾದಗಳಿಗೆ ಧರ್ಮಸ್ಥೀಯವೆಂಬ ಅಧಿಕರಣ, ಸಮಾಜಕ್ಕೆ ಮುಳ್ಳಾದವರನ್ನು ಕೀಳುವುದಕ್ಕೆ ಕಂಟಕಶೋಧನವೆಂಬ ಅಧಿಕರಣ ಬೇರೆಬೇರೆಯಾಗಿವೆ. ಕಂಟಕಶೋಧನದ ಮೊದಲ ಪ್ರಕರಣವೇ ಕುಶಲಕರ್ಮಿಗಳದು, ಅಲ್ಲಿ ನೇಕಾರರೂ ಅಗಸರೂ ಇದ್ದಾರೆ. ಮಗ್ಗದ ಊರಾದ ಇಚಲಕರಂಜಿಯ ಓದುಗರಿಗೆ ಅದು ರುಚಿಸಬಹುದಾದ ಭಾಗ. ಹತ್ತು ಪಲ ನೂಲು ಪಡೆದವನು ಗಂಜಿಯ ತೂಕ ಸೇರಿ ಹನ್ನೊಂದು ಪಲ ಬಟ್ಟೆ ಕೊಡಬೇಕು. ಅಳತೆಯಲ್ಲಿ ಕಡಿಮೆಯಾದರೆ ಅಷ್ಟು ಕೂಲಿ ಮುರಿದು ಅದರ ಇಮ್ಮಡಿ ದಂಡ. ಒರಟು ಕಲ್ಲಿನ ಮೇಲೆ ಒಗೆದು ಬಟ್ಟೆ ಹರಿದ ಅಗಸ ಬಟ್ಟೆಯ ನಷ್ಟವನ್ನು ಒಡೆಯನಿಗೆ ಕೊಡಬೇಕು, ಜತೆಗೆ ಆರು ಪಣ ದಂಡವನ್ನೂ ತೆರಬೇಕು. ಮನುಸ್ಮೃತಿಯಲ್ಲಿ ರಾಜಬೀದಿಯ ಮೇಲೆ ಹೊಲಸು ಮಾಡಿದವನಿಗೆ ಎರಡು ಕಾರ್ಷಾಪಣ ದಂಡವುಂಟು, ಆದರೆ ಅದನ್ನು ತೆತ್ತು ಹೋಗಿಬಿಡುವಂತಿಲ್ಲ, ಹೊಲಸನ್ನು ಕೂಡಲೇ ಅವನೇ ತೆಗೆಯಬೇಕು. ರೋಗಿ, ಮುದುಕ, ಗರ್ಭಿಣಿ, ಮಗು ಇವರಾದರೆ ದಂಡವಿಲ್ಲ, ಗದರಿಕೆ ಮಾತ್ರ, ಆದರೂ ಜಾಗ ಶುಚಿಯಾಗಲೇಬೇಕು. ದಂಡಕ್ಕೆ ವಿನಾಯಿತಿ ಇದೆ, ಸರಿಪಡಿಸುವುದಕ್ಕೆ ವಿನಾಯಿತಿ ಇಲ್ಲ.

ಇಲ್ಲಿಯವರೆಗೆ ಹೇಳಿದ್ದು ಹೊರಗಿನ ಎರಡು ಲೆಕ್ಕಗಳ ಮಾತು. ಒಳಗಿನ ಲೆಕ್ಕವನ್ನು ಅತ್ಯಂತ ನಿಷ್ಠುರವಾಗಿ ಇಟ್ಟವರು ಈ ಸೀಮೆಯಲ್ಲಿ ಜೈನರು. ಕೊಲ್ಲಾಪುರದ ಲಕ್ಷ್ಮೀಸೇನ ಭಟ್ಟಾರಕರ ಮಠ, ಇಚಲಕರಂಜಿಗೆ ಸಮೀಪದ ಕುಂಭೋಜದ ಬಾಹುಬಲಿ ಬೆಟ್ಟ, 1899ರಲ್ಲಿ ಸ್ಥಾಪನೆಯಾದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಇವುಗಳ ಸುತ್ತ ಬೆಳೆದ ಒಕ್ಕಲುತನದ ಹಾಗೂ ವ್ಯಾಪಾರದ ದೊಡ್ಡ ಸಮಾಜ ಅದು. ಅದರ ಪ್ರಾಕೃತ ಗ್ರಂಥಗಳನ್ನು ಜಗತ್ತಿಗೆ ಶುದ್ಧವಾಗಿ ಸಂಪಾದಿಸಿಕೊಟ್ಟ, ಸದಲಗದಲ್ಲಿ ಹುಟ್ಟಿದ ಆ. ನೇ. ಉಪಾಧ್ಯೆಯವರು ಮೂರು ದಶಕ ಪಾಠ ಹೇಳಿದ್ದು ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ. ಜೈನ ಗೃಹಸ್ಥ ಹಿಡಿಯಬೇಕಾದ ಅಣುವ್ರತಗಳಲ್ಲಿ ಅಚೌರ್ಯ, ಎಂದರೆ ಕದಿಯದಿರುವುದು ಒಂದು. ಆ ವ್ರತ ಪೂರ್ತಿ ಮುರಿಯದೆಯೇ ಮಾಸುವ ಬಗೆಗಳಿಗೆ ಅತಿಚಾರವೆಂದು ಹೆಸರು, ಮತ್ತು ಉಮಾಸ್ವಾಮಿಯ ತತ್ತ್ವಾರ್ಥಸೂತ್ರ ಅಚೌರ್ಯಕ್ಕೆ ಹೇಳುವ ಐದು ಅತಿಚಾರಗಳು ಇಂದಿನ ಮಾರುಕಟ್ಟೆಗೆಂದೇ ಬರೆದಂತಿವೆ: ಕಳ್ಳನನ್ನು ಪ್ರೇರೇಪಿಸುವುದು, ಕದ್ದ ಮಾಲು ಕೊಳ್ಳುವುದು, ರಾಜ್ಯದ ಕಟ್ಟಳೆಗೆ ವಿರುದ್ಧವಾಗಿ ವ್ಯಾಪಾರ ಮಾಡುವುದು, ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಕಲಬೆರಕೆ ಮಾಲನ್ನು ಅಸಲೆಂದು ಮಾರುವುದು. ಇವು ಕಳವಲ್ಲ, ಆದರೆ ಕಳವಿನ ನೆಂಟರು. ರಾಜ್ಯದ ನಿಯಮವನ್ನು ಮೀರುವುದು, ಯಾರೂ ನೇರವಾಗಿ ನೋಯದಿದ್ದರೂ, ಕದಿಯದಿರುವ ವ್ರತಕ್ಕೆ ಹತ್ತಿದ ಕಲೆಯೆಂದು ಅಧ್ಯಾತ್ಮಗ್ರಂಥವೊಂದು ಹೇಳುವುದು ಸಾಮಾನ್ಯ ಸಂಗತಿಯಲ್ಲ. ಹಾಗೆ ಹೇಳಿಯೂ ಅದು ಅತಿಚಾರವನ್ನು ಅನಾಚಾರದೊಡನೆ, ಎಂದರೆ ವ್ರತದ ಪೂರ್ಣಭಂಗದೊಡನೆ ಬೆರೆಸುವುದಿಲ್ಲ. ಅತಿಚಾರಕ್ಕೆ ಆಲೋಚನೆ, ಅಂದರೆ ಗುರುವಿನ ಮುಂದೆ ತಪ್ಪನ್ನು ಬಿಚ್ಚಿಹೇಳುವುದು, ಮತ್ತು ಪ್ರತಿಕ್ರಮಣ, ಅಂದರೆ ತಪ್ಪಿದ ಜಾಗದಿಂದ ಮನಸ್ಸನ್ನು ಹಿಂದಕ್ಕೆ ತರುವುದು ಇವೇ ಪರಿಹಾರ.

ಅದೇ ಸೂತ್ರ ಹಿಂಸೆಯನ್ನು ಹೇಳುವಾಗ ಅದರ ಮೂಲವನ್ನು ಪ್ರಮಾದದಲ್ಲಿ, ಎಂದರೆ ಎಚ್ಚರಗೇಡಿತನದಲ್ಲಿ ಇಡುತ್ತದೆ. ಆಧುನಿಕ ಕಾನೂನು ಈ ವಿಷಯದಲ್ಲಿ ಎರಡು ತುದಿಗಳ ನಡುವೆ ಓಲಾಡಿದೆ. ತಿಳಿದೂ ಧಿಕ್ಕರಿಸಿದವನಿಗೆ ಹೊರತು ದಂಡ ಹಾಕಬಾರದೆಂದು ಸುಪ್ರೀಂ ಕೋರ್ಟು 1969ರ ಹಿಂದೂಸ್ತಾನ್ ಸ್ಟೀಲ್ ಪ್ರಕರಣದಲ್ಲಿ ಹೇಳಿತ್ತು. ದಿವಾಣಿ ಸ್ವರೂಪದ ದಂಡಕ್ಕೆ ದುರುದ್ದೇಶದ ರುಜುವಾತೇ ಬೇಡ, ಉಲ್ಲಂಘನೆಯಾದರೆ ಸಾಕು ಎಂದು 2006ರ ಶ್ರೀರಾಮ್ ಮ್ಯೂಚುಯಲ್ ಫಂಡ್ ಪ್ರಕರಣದಲ್ಲಿ ಹೇಳಿತು. ಒಂದರಲ್ಲಿ ಮನಸ್ಸು ಕೆಟ್ಟದಾಗಿರಲೇಬೇಕು, ಇನ್ನೊಂದರಲ್ಲಿ ಮನಸ್ಸಿನ ಮಾತೇ ಬೇಡ. ಕೆಟ್ಟ ಉದ್ದೇಶವಿಲ್ಲದಿದ್ದರೂ ಎಚ್ಚರವಿಲ್ಲದ ಮನಸ್ಸು ನಿರ್ದೋಷಿಯಲ್ಲವೆಂಬ ಜೈನರ ನಡುದಾರಿ ಕಾರ್ಖಾನೆಗಳ ಯುಗಕ್ಕೆ ಹೆಚ್ಚು ಹೊಂದುತ್ತದೆ. ಗೃಹಸ್ಥನ ದುಡಿಮೆಯಲ್ಲಿ ತಪ್ಪಿಸಲಾಗದ ಹಿಂಸೆಗೆ ಉದ್ಯೋಗೀ ಹಿಂಸೆಯೆಂದು ಅವರು ಪ್ರತ್ಯೇಕ ಹೆಸರಿಟ್ಟು ಸಹಿಸಿದರೂ, ಸಹಿಸಿದ್ದನ್ನು ನಿರ್ದೋಷವೆಂದು ಕರೆಯಲಿಲ್ಲ.

ಇಚಲಕರಂಜಿಯ ವ್ಯಾಪಾರ ಬಹುಮಟ್ಟಿಗೆ ಉದ್ರಿಯ ಮೇಲೆ ನಡೆಯುತ್ತದೆ. 1904ರಲ್ಲಿ ಜಹಗೀರದಾರ ನಾರಾಯಣರಾವ್ ಘೋರ್ಪಡೆಯವರ ಪ್ರೋತ್ಸಾಹದಿಂದ ವಿಠ್ಠಲರಾವ್ ದಾತಾರರು ಹೂಡಿದ ಮೊದಲ ಪವರ್‌ಲೂಮಿನಿಂದ ಬೆಳೆದ ಈ ಊರಿನಲ್ಲಿ ನೂಲಿನ ವ್ಯಾಪಾರಿ ಮಗ್ಗದವನಿಗೆ, ಮಗ್ಗದವನು ಬಟ್ಟೆಯ ವ್ಯಾಪಾರಿಗೆ ಉದ್ರಿ ಕೊಡುತ್ತಾರೆ, ಮುಂದಿನ ತಾರೀಖಿನ ಚೆಕ್ಕು ನಂಬಿಕೆಯ ಜಾಗದಲ್ಲಿ ಕೂರುತ್ತದೆ. ಚೆಕ್ಕು ಮರಳಿದರೆ ಅದು ಸಾಲ ತೀರದ ದಿವಾಣಿ ಸಂಗತಿಯೇ ಆದರೂ, ಚೆಕ್ಕು ಹುಂಡಿಗಳ ಕಾಯ್ದೆಗೆ 1988ರ ತಿದ್ದುಪಡಿಯಿಂದ ಸೇರಿದ ಕಲಮು 138 ಅದನ್ನು ಫೌಜದಾರಿ ಮಾಡಿತು: ನೋಟೀಸು ಮುಟ್ಟಿದ ಹದಿನೈದು ದಿನದೊಳಗೆ ಹಣ ಕೊಡದಿದ್ದರೆ ಎರಡು ವರ್ಷದವರೆಗಿನ ಸೆರೆ ಅಥವಾ ಚೆಕ್ಕಿನ ಮೊತ್ತದ ಇಮ್ಮಡಿಯವರೆಗಿನ ಜುಲ್ಮಾನೆ. ಯಾಜ್ಞವಲ್ಕ್ಯನ ಸಾಲ ಮತ್ತು ಅದಕ್ಕೆ ಸಮನಾದ ದಂಡ ಕೂಡಿದರೆ ಆಗುವುದೂ ಇಮ್ಮಡಿಯೇ. ಆದರೆ ಸ್ಮೃತಿಯಲ್ಲಿ ಇಮ್ಮಡಿ ಬಿದ್ದದ್ದು ಸುಳ್ಳಾಡಿದವನಿಗೆ. ಇಲ್ಲಿ ಮೋಸಗಾರನೂ, ಬಜಾರು ಕುಸಿದು ಕೈಸೋತವನೂ ಒಂದೇ ಕಟಕಟೆಯಲ್ಲಿ ನಿಲ್ಲುತ್ತಾರೆ. ದಿವಾಣಿ ದಾವೆಯ ಮಂದಗತಿಗೆ ಬೇಸತ್ತ ಸಾಹುಕಾರನಿಗೆ ಇದು ವಸೂಲಿಯ ಅಸ್ತ್ರವಾಗಿದೆಯೆಂಬುದನ್ನು ಕೋರ್ಟುಗಳೂ ಬಲ್ಲವು. ದಂಡದ ಭಯವನ್ನು ವಸೂಲಿಗೆ ಬಳಸಿದಷ್ಟೂ ಅಪರಾಧವೆಂಬ ಮಾತಿನ ತೂಕ ಇಳಿಯುತ್ತದೆ.

ಪಂಚಗಂಗೆಯ ವಿಷಯದಲ್ಲಿ ಕಾನೂನು ಇದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿ ಸಾಗುತ್ತಿದೆ. ಕೊಲ್ಲಾಪುರವನ್ನೂ ಇಚಲಕರಂಜಿಯನ್ನೂ ಸವರಿ ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಕೂಡಿ ಕರ್ನಾಟಕಕ್ಕೆ ಇಳಿಯುವ ಈ ಹೊಳೆಗೆ ಊರುಗಳ ಚರಂಡಿಯೂ ಬಣ್ಣದ ಗಿರಣಿಗಳ ನೀರೂ ಸಕ್ಕರೆ ಕಾರ್ಖಾನೆಗಳ ನೀರೂ ಸೇರುತ್ತಿರುವುದು ದಶಕಗಳ ದೂರು. 2012ರಲ್ಲಿ ಇಚಲಕರಂಜಿಯಲ್ಲಿ ಕಲುಷಿತ ನೀರಿನಿಂದ ಕಾಮಾಲೆ ಹರಡಿ ಪ್ರಾಣಹಾನಿಯೂ ಆಯಿತು. 1974ರ ಜಲ ಕಾಯ್ದೆಯಂತೆ ಹೊಳೆಗೆ ವಿಷ ಬಿಡುವುದು ಒಂದೂವರೆ ವರ್ಷದಿಂದ ಆರು ವರ್ಷದವರೆಗಿನ ಸೆರೆಗೆ ತಕ್ಕ ಅಪರಾಧವಾಗಿತ್ತು. 2024ರ ತಿದ್ದುಪಡಿ ಆ ಸೆರೆಯನ್ನು ತೆಗೆದು, ನಿರ್ಣಯಾಧಿಕಾರಿಯೆಂಬ ಸರಕಾರಿ ಅಧಿಕಾರಿ ವಿಧಿಸುವ 10,000 ರೂಪಾಯಿಯಿಂದ 15 ಲಕ್ಷದವರೆಗಿನ ದಂಡವನ್ನು ಇಟ್ಟಿತು. ಅದು ಮೊದಲು ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ ಅನ್ವಯವಾಗಿ, ಉಳಿದ ರಾಜ್ಯಗಳು ನಿರ್ಣಯ ಮಾಡಿ ಒಪ್ಪಬಹುದಾದ ಕಾನೂನು. ದೇಶಕ್ಕೆಲ್ಲ ಅನ್ವಯಿಸುವ 1986ರ ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ 2023ರ ಜನ ವಿಶ್ವಾಸ ಕಾಯ್ದೆ ಐದು ವರ್ಷದವರೆಗಿನ ಸೆರೆಯನ್ನು ತೆಗೆದು ಇದೇ ಮೊತ್ತದ ದಂಡವನ್ನು ತಂದಿದೆ. ಸೆರೆಯ ಮೊಕದ್ದಮೆಗಳು ವರ್ಷಗಟ್ಟಲೆ ಎಳೆದು ಯಾರಿಗೂ ಶಿಕ್ಷೆಯಾಗದಿರುವುದಕ್ಕಿಂತ ಬೇಗ ಬೀಳುವ ದಂಡ ಲೇಸೆಂಬ ವಾದ ಹುರುಳಿಲ್ಲದ್ದಲ್ಲ. ಚರಂಡಿಯನ್ನು ಹೊಳೆಗೆ ಬಿಡುವ ಊರಿಗೆ ಊರೇ ತಪ್ಪಿತಸ್ಥವಾದಾಗ ಸೆರೆಗೆ ಯಾರನ್ನು ಕಳಿಸುವುದೆಂಬ ಪ್ರಶ್ನೆಯೂ ಸುಲಭದ್ದಲ್ಲ.

ಆದರೂ ಇಲ್ಲೊಂದು ವಿಚಿತ್ರವಿದೆ. ವಿಧಿಸಿದ ದಂಡವನ್ನು ತೊಂಬತ್ತು ದಿನದೊಳಗೆ ಕಟ್ಟದಿದ್ದರೆ ಅದು ಮಾತ್ರ ಮೂರು ವರ್ಷದವರೆಗಿನ ಸೆರೆಗೆ ತಕ್ಕ ಅಪರಾಧ. ಹೊಳೆ ಕೆಡಿಸುವುದು ಅಪರಾಧವಲ್ಲ, ಸರಕಾರದ ಬಾಕಿ ಉಳಿಸುವುದು ಅಪರಾಧ. ನಾರದನ ಪಟ್ಟಿಯ ತಲೆಯಲ್ಲಿ ಕುಳಿತಿದ್ದ ಆಜ್ಞಾಲಂಘನ ಉಳಿದು, ಹಿಂಸೆ ಪಟ್ಟಿಯಿಂದ ಬಿದ್ದುಹೋದಂತಾಯಿತು. ದಂಡದ ಹಣ ಪರಿಸರ ಸಂರಕ್ಷಣಾ ನಿಧಿಗೆ ಹೋಗುತ್ತದೆಯೇ ಹೊರತು ಹೊಳೆಯ ಕೆಳಗೆ ಅದೇ ನೀರು ಕುಡಿದವನ ಮನೆಗಲ್ಲ. ಫೌಜದಾರಿ ಕೊಡುತ್ತಿದ್ದ ನಿಂದೆ ಇಲ್ಲಿಲ್ಲ, ದಿವಾಣಿ ಕೊಡುತ್ತಿದ್ದ ತುಂಬಿಕೊಡುವಿಕೆ ಇಲ್ಲಿಲ್ಲ, ಪ್ರಮಾದವನ್ನು ಒಪ್ಪಿಕೊಳ್ಳುವ ಪ್ರತಿಕ್ರಮಣವಂತೂ ಕಾನೂನಿನ ಕೈಗೆ ಎಂದೂ ಸಿಕ್ಕಿದ್ದಲ್ಲ. ಮೂರೂ ಇಲ್ಲದ ದಂಡವನ್ನು ಲಾಭದಲ್ಲಿರುವ ಉದ್ಯಮಿ ಖರ್ಚಿನ ಬಾಬ್ತಿನಲ್ಲಿ ಬರೆದುಕೊಳ್ಳುವುದನ್ನು ಯಾವ ನಿರ್ಣಯಾಧಿಕಾರಿಯೂ ತಡೆಯಲಾರನು. ರಾಜನಿಂದ ದಂಡಿತನಾದವನು ನಿರ್ಮಲನಾಗಿ ಸ್ವರ್ಗಕ್ಕೆ ಹೋಗುತ್ತಾನೆಂಬ ಮಾತು ಮನುಸ್ಮೃತಿಯಲ್ಲಿದ್ದರೂ, ಅದನ್ನು ಹಣದ ದಂಡಕ್ಕೆಲ್ಲ ಹಬ್ಬಿಸಲು ವ್ಯಾಖ್ಯಾನಕಾರರೆಲ್ಲ ಒಪ್ಪಲಿಲ್ಲ. ಹಣ ತೆರುವುದು ನೋವಲ್ಲದವನಿಗೆ ಹಣದಿಂದ ಶುದ್ಧಿಯಾಗುವುದು ಹೇಗೆಂಬ ಸಂಶಯಕ್ಕೆ ಅಲ್ಲಿ ಎಡೆಯಿತ್ತು. ಅಪರಾಧವನ್ನು ದಿವಾಣಿ ಉಲ್ಲಂಘನೆಯಾಗಿ ಇಳಿಸುವುದರಲ್ಲಿಯೇ ದೋಷವಿಲ್ಲ, ಶಾಹು ಮಹಾರಾಜರ ಒಂದು ರೂಪಾಯಿಯ ದಂಡ ಅದಕ್ಕೆ ಸಾಕ್ಷಿ. ಹೊಲಸು ಮಾಡಿದವನೇ ಅದನ್ನು ತೆಗೆಯಬೇಕೆಂಬ ಎರಡನೆಯ ಅರ್ಧವನ್ನು ಕೈಬಿಟ್ಟು ಇಳಿಸಿದ್ದರಲ್ಲಿ ದೋಷವಿದೆ.

ಆ ಎರಡನೆಯ ಅರ್ಧಕ್ಕೆ ಈಗ ಉಳಿದಿರುವ ದಾರಿ 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆ. ಮಾಲಿನ್ಯದಿಂದ ನೊಂದವರಿಗೆ ಪರಿಹಾರವನ್ನೂ, ಕೆಟ್ಟ ಪರಿಸರವನ್ನು ಮತ್ತೆ ಸರಿಪಡಿಸುವುದನ್ನೂ ಆಜ್ಞಾಪಿಸುವ ಅಧಿಕಾರ ಅದರ 15ನೆಯ ಕಲಮಿನಲ್ಲಿದೆ, ಮತ್ತು ಅಪಘಾತದ ಮಾಲಿನ್ಯದಲ್ಲಿ ತಪ್ಪು ಯಾರದೆಂಬ ವಾದಕ್ಕೆ ಎಡೆಯಿಲ್ಲದೆ ಹೊಣೆ ಹೊರಿಸುವ ಏರ್ಪಾಡೂ ಅದರಲ್ಲಿದೆ. ಪಂಚಗಂಗೆಯ ದಡದ ಶಿರೋಳ ತಾಲೂಕಿನವರು ಹೋಗಬೇಕಾದದ್ದು ಪುಣೆಯ ಪೀಠಕ್ಕೆ, ಅದೇ ನೀರು ಕೃಷ್ಣೆಯಾಗಿ ಮುಟ್ಟುವ ಕರ್ನಾಟಕದ ಊರುಗಳವರು ಹೋಗಬೇಕಾದದ್ದು ಚೆನ್ನೈನ ಪೀಠಕ್ಕೆ. ಅರ್ಜಿಯನ್ನು ಕಾರಣ ಹುಟ್ಟಿದ ಐದು ವರ್ಷದೊಳಗೆ ಕೊಡಬೇಕು.